ಸುದ್ದಿ ಹಾಡಿಗೆ ಮುಟ್ಟುತ್ತದೆ, ಉತ್ತರ ಯಾಕೆ ಮುಟ್ಟುವುದಿಲ್ಲ?

2025ರ ಜುಲೈ ಮೊದಲ ವಾರ ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆಗೆ ಜನ ಮುಗಿಬಿದ್ದರು. ಹಾಸನ ಜಿಲ್ಲೆಯಲ್ಲಿ ಸುಮಾರು 40 ದಿನಗಳಲ್ಲಿ 20ಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ತೀರಿಕೊಂಡರು ಎಂಬ ಸುದ್ದಿ ಹಬ್ಬಿತ್ತು. ಕೋವಿಡ್ ಲಸಿಕೆಗೆ ತರಾತುರಿಯಲ್ಲಿ ಒಪ್ಪಿಗೆ ಕೊಟ್ಟಿದ್ದೂ ಇಂಥ ಸಾವುಗಳಿಗೆ ಒಂದು ಕಾರಣ ಇರಬಹುದು ಎಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಹೇಳಿದರು. ಮರುದಿನವೇ ಕೇಂದ್ರ ಆರೋಗ್ಯ ಸಚಿವಾಲಯ ಐಸಿಎಂಆರ್ ಮತ್ತು ಏಮ್ಸ್ ಅಧ್ಯಯನಗಳನ್ನು ಮುಂದಿಟ್ಟು, ಹಾಗೇನೂ ಸಂಬಂಧ ಕಂಡಿಲ್ಲ ಎಂದಿತು. ಕೆಲವೇ ದಿನಗಳಲ್ಲಿ, ರಾಜ್ಯ ಸರ್ಕಾರವೇ ನೇಮಿಸಿದ್ದ ತಜ್ಞರ ಸಮಿತಿ ಕೂಡ ಅದನ್ನೇ ಹೇಳಿತು. ಜಯದೇವದ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅದರ ನೇತೃತ್ವ ವಹಿಸಿದ್ದರು.

ಮುಖ್ಯಮಂತ್ರಿ ಒಂದು ಹೇಳಿದರೆ, ತಜ್ಞರು ಇನ್ನೊಂದು ಹೇಳಿದರು. ಓದು ಬಲ್ಲವರಿಗೇ ಗೊಂದಲವಾಯಿತು. ಆದರೂ ಬೆಂಗಳೂರಿನವರಿಗೆ ಒಂದು ದಾರಿ ಇತ್ತು. ಭಯ ಆಯಿತು, ಹೋಗಿ ಇಸಿಜಿ ಮಾಡಿಸಿಕೊಂಡರು. ಪರಿಚಯದ ಡಾಕ್ಟರಿಗೆ ಫೋನ್ ಮಾಡಿದರು. ವಾರ ಕಳೆದ ಮೇಲೆ ಸಮಿತಿಯ ವರದಿ ಬಂದದ್ದನ್ನು ಟಿವಿಯಲ್ಲಿ ನೋಡಿದರು. ಅಲ್ಲಿಗೆ ಸಮಾಧಾನ ಆಯಿತು.

ಇದೇ ಸುದ್ದಿಯನ್ನು ಬೆಂಗಳೂರಿನಿಂದ ಸುಮಾರು 180 ಕಿ.ಮೀ. ದೂರದ ಬಿಳಿಗಿರಿರಂಗನ ಬೆಟ್ಟದ ಒಂದು ಸೋಲಿಗರ ಪೋಡಿನಲ್ಲೋ, ಎಚ್.ಡಿ. ಕೋಟೆಯ ಒಂದು ಜೇನುಕುರುಬರ ಹಾಡಿಯಲ್ಲೋ ಇಟ್ಟು ನೋಡೋಣ. ಪೋಡು, ಹಾಡಿ ಎಂದರೆ ಕಾಡಿನ ಬುಡಕಟ್ಟು ಜನರ ಪುಟ್ಟ ನೆಲೆಗಳು. 'ಲಸಿಕೆ ಹಾಕಿಸಿಕೊಂಡವರಿಗೆ ಹಾರ್ಟ್ ಅಟ್ಯಾಕ್ ಆಗ್ತಿದೆಯಂತೆ' ಎಂಬುದು ಒಂದೇ ಸಾಲು. ಅದು ಸಂತೆಯಿಂದ ಬರುವವರ ಬಾಯಲ್ಲಿ ಬಂದುಬಿಡುತ್ತದೆ. ಉತ್ತರ ಮಾತ್ರ ಉದ್ದದ್ದು. ಅಧ್ಯಯನ ಯಾರು ಮಾಡಿದರು, ಏನು ಸಿಕ್ಕಿತು, ಸತ್ತವರಿಗೆ ಬಿಪಿ, ಸಕ್ಕರೆ ಕಾಯಿಲೆ ಇತ್ತಾ ಎಂದೆಲ್ಲ ಬಿಡಿಸಿ ಹೇಳಬೇಕು. ಬಿಡಿಸಿ ಹೇಳುವುದಕ್ಕೆ ಒಬ್ಬ ಮನುಷ್ಯ ಬೇಕು. ಕಾಯಿಲೆ ಕಾಲದಲ್ಲಿ ಬುಡಕಟ್ಟು ಜನರಿಗೆ ಆರೋಗ್ಯ ಮಾಹಿತಿ ಯಾಕೆ ಸಿಗುವುದಿಲ್ಲ ಎಂಬ ಪ್ರಶ್ನೆಯ ಗಂಟು ಇಲ್ಲಿದೆ. ಅವರಿಗೆ ಯಾರೂ ಏನೂ ಹೇಳುತ್ತಿಲ್ಲ ಅಂತಲ್ಲ, ಹೇಳುವವರು ಬಹಳ ಇದ್ದಾರೆ. ತಿರುಗಿ ಪ್ರಶ್ನೆ ಕೇಳುವುದಕ್ಕೆ ಯಾರೂ ಸಿಗುವುದಿಲ್ಲ.

ಲೆಕ್ಕದಲ್ಲೇ ಕಾಣದವರು

2011ರ ಜನಗಣತಿ ಪ್ರಕಾರ ಕರ್ನಾಟಕದಲ್ಲಿ ಪರಿಶಿಷ್ಟ ಪಂಗಡದವರು ಸುಮಾರು 42.5 ಲಕ್ಷ, ಅಂದರೆ ಜನಸಂಖ್ಯೆಯ ಶೇ 7ರಷ್ಟು. ಇದರಲ್ಲಿ ಮುಕ್ಕಾಲು ಪಾಲು ನಾಯಕ ಸಮುದಾಯದವರು. ಅವರಲ್ಲಿ ಬಹುಪಾಲು ಜನ ಊರು, ಪಟ್ಟಣಗಳಲ್ಲಿ ಬಾಳುವವರು. ಕಾಡಿನಲ್ಲಿ, ಕಾಡಂಚಿನಲ್ಲಿ ಇರುವ ಸೋಲಿಗರು, ಜೇನುಕುರುಬರು, ಬೆಟ್ಟಕುರುಬರು, ಯರವರು, ಪಣಿಯರು ಮತ್ತು ಕರಾವಳಿಯ ಕೊರಗರು ಸಂಖ್ಯೆಯಲ್ಲಿ ತುಂಬಾ ಕಡಿಮೆ. ಹಾಗಾಗಿ 'ಎಸ್‌ಟಿ' ಎಂಬ ಒಟ್ಟು ಲೆಕ್ಕದಲ್ಲಿ ಇವರು ಮುಳುಗಿಹೋಗುತ್ತಾರೆ. ಜೇನುಕುರುಬರು ಮತ್ತು ಕೊರಗರನ್ನು ಕೇಂದ್ರ ಸರ್ಕಾರ ತೀರಾ ದುರ್ಬಲ ಬುಡಕಟ್ಟುಗಳ ಪಟ್ಟಿಯಲ್ಲಿ ಇಟ್ಟಿದೆ.

ಕೋವಿಡ್ ಕಾಲದ ದಿನದ ಬುಲೆಟಿನ್ ನೆನಪಿಸಿಕೊಳ್ಳಿ. ಜಿಲ್ಲೆವಾರು ಸೋಂಕು, ಸಾವು, ಗುಣವಾದವರು ಎಲ್ಲ ಇರುತ್ತಿತ್ತು. ಯಾವ ಸಮುದಾಯದಲ್ಲಿ ಎಷ್ಟು ಎಂಬುದು ಇರುತ್ತಿರಲಿಲ್ಲ. ಚಾಮರಾಜನಗರ ಜಿಲ್ಲೆ 2020ರ ಜೂನ್‌ವರೆಗೂ ಒಂದೂ ಪ್ರಕರಣವಿಲ್ಲದೆ ಉಳಿದಿತ್ತು, ಅದು ದೊಡ್ಡ ಸುದ್ದಿಯಾಯಿತು. ಆದರೆ ಆ ಜಿಲ್ಲೆಯ ಪೋಡುಗಳಲ್ಲಿ ಆಮೇಲೆ ಏನಾಯಿತು ಎಂಬುದು ಬುಲೆಟಿನ್‌ನಲ್ಲಿ ಕಾಣುವಂತೆಯೇ ಇರಲಿಲ್ಲ.

ಭಾಷೆಯ ಲೆಕ್ಕವೂ ಹೀಗೇ ಇದೆ. 10,000ಕ್ಕಿಂತ ಕಡಿಮೆ ಜನ ಆಡುವ ನುಡಿಗಳನ್ನು ಜನಗಣತಿ ಬೇರೆಯಾಗಿ ತೋರಿಸುವುದಿಲ್ಲ, 1971ರಿಂದ ಇದೇ ಪದ್ಧತಿ. ಲೆಕ್ಕದಲ್ಲಿ ಇಲ್ಲದ ನುಡಿಗೆ ಅನುವಾದಕರೂ ಇಲ್ಲ, ಹಣವೂ ಇಲ್ಲ.

ಇದು ದೂರದ ಕಾಡಿನ ಮಾತು ಮಾತ್ರ ಅಂದುಕೊಳ್ಳಬೇಡಿ. ಬನ್ನೇರುಘಟ್ಟದ ಹತ್ತಿರವೇ ಹಕ್ಕಿಪಿಕ್ಕಿ ಕಾಲೋನಿ ಇದೆ. ಅವರ ಮನೆಮಾತು ವಾಗ್ರಿ, ಅದು ಗುಜರಾತಿಗೆ ಹತ್ತಿರದ್ದು. ರಾಮನಗರ, ಮಾಗಡಿ, ಕನಕಪುರದ ಕಡೆ ಇರುಳಿಗರಿದ್ದಾರೆ. ವಿಧಾನಸೌಧದಿಂದ ಒಂದೆರಡು ಗಂಟೆಯ ದಾರಿ ಅಷ್ಟೇ.

ಬೆಂಗಳೂರಿನಲ್ಲಿ ತಯಾರಾದ ಮಾತು

2020ರ ಮಾರ್ಚ್‌ನಲ್ಲಿ ಮೊದಲು ಬಂದದ್ದು ಕಾಲರ್ ಟ್ಯೂನ್. ಯಾರಿಗೆ ಫೋನ್ ಮಾಡಿದರೂ ಮೊದಲು ಕೆಮ್ಮಿನ ಸದ್ದು, ಆಮೇಲೆ ಸೂಚನೆ. ಏಪ್ರಿಲ್ 2ಕ್ಕೆ ಆರೋಗ್ಯ ಸೇತು ಆ್ಯಪ್ ಬಂತು. ಅದಕ್ಕೆ ಸ್ಮಾರ್ಟ್‌ಫೋನ್ ಬೇಕು, ಬ್ಲೂಟೂತ್ ಸದಾ ಆನ್ ಇರಬೇಕು. ಅದೇ ತಿಂಗಳು ರಾಜ್ಯ ಸರ್ಕಾರ 14410 ನಂಬರಿನ ಆಪ್ತಮಿತ್ರ ಸಹಾಯವಾಣಿ ಶುರು ಮಾಡಿತು. ಇದು ಒಳ್ಳೆಯ ಹೆಜ್ಜೆ, ಯಾಕೆಂದರೆ ಸಾದಾ ಫೋನಿನಿಂದಲೂ ಕರೆ ಮಾಡಬಹುದಿತ್ತು, ಪ್ರಶ್ನೆ ಕೇಳಬಹುದಿತ್ತು. ಆದರೆ ಅದಕ್ಕೂ ಟವರ್ ಬೇಕು. ಕಾಡೊಳಗಿನ ಎಷ್ಟೋ ಪೋಡುಗಳಲ್ಲಿ ರೇಂಜ್ ಸಿಗಬೇಕಾದರೆ ದಿಬ್ಬ ಹತ್ತಬೇಕು. ಫೋನಿಗೆ ಕರೆನ್ಸಿ ಹಾಕಿಸಲು ಪೇಟೆಗೆ ಇಳಿಯಬೇಕು. ಲಾಕ್‌ಡೌನ್‌ನಲ್ಲಿ ಪೇಟೆಯೇ ಮುಚ್ಚಿತ್ತು.

2021ರ ಮೇ 1ರಿಂದ 18 ದಾಟಿದ ಎಲ್ಲರಿಗೂ ಲಸಿಕೆ ಎಂದಾಯಿತು. 18ರಿಂದ 44 ವರ್ಷದವರು ಕೋವಿನ್‌ನಲ್ಲಿ ಮೊದಲೇ ಸ್ಲಾಟ್ ಹಿಡಿಯಬೇಕಿತ್ತು. ಆಗ ಆ ಪೋರ್ಟಲ್ ಇದ್ದದ್ದು ಇಂಗ್ಲಿಷ್‌ನಲ್ಲಿ. ಕನ್ನಡ ಬಂದದ್ದು ಜೂನ್‌ನಲ್ಲಿ. ಈ ನಡುವೆ ಏನಾಯಿತು? ಬೆಂಗಳೂರಿನ ಯುವಕರು ಲ್ಯಾಪ್‌ಟಾಪ್ ಮುಂದೆ ಕೂತು, ಸುತ್ತಲಿನ ಜಿಲ್ಲೆಗಳ ಹಳ್ಳಿ ಆಸ್ಪತ್ರೆಗಳ ಸ್ಲಾಟ್ ಹಿಡಿದು, ಕಾರಿನಲ್ಲಿ ಹೋಗಿ ಲಸಿಕೆ ಹಾಕಿಸಿಕೊಂಡು ಬಂದರು. ಅವರನ್ನು ದೂರಿ ಪ್ರಯೋಜನವಿಲ್ಲ, ಎರಡನೇ ಅಲೆಯಲ್ಲಿ ಎಲ್ಲರಿಗೂ ಜೀವಭಯ ಇತ್ತು. ಆದರೆ ಫಲ ಏನಾಯಿತು ನೋಡಿ. ಹಳ್ಳಿಯ ಆಸ್ಪತ್ರೆಯ ಲಸಿಕೆ ಯಾರಿಗೆ ಸಿಗುತ್ತದೆ ಎಂಬುದನ್ನು ಇಂಟರ್ನೆಟ್‌ನ ವೇಗ ತೀರ್ಮಾನಿಸಿತು. ಮೇ 31ರ ಆದೇಶದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿ ಕೇಳಿತು: ಇಂಟರ್ನೆಟ್ ಇಲ್ಲದವರ ಗತಿ ಏನು? ಆಮೇಲೆ ನೇರವಾಗಿ ಕೇಂದ್ರಕ್ಕೆ ಬಂದವರಿಗೂ ಲಸಿಕೆ ಎಂಬ ನಿಯಮ ಜೂನ್ 21ರಿಂದ ಎಲ್ಲೆಡೆ ಜಾರಿಯಾಯಿತು.

ಅಷ್ಟು ಹೊತ್ತಿಗೆ ಎರಡನೇ ಅಲೆಯ ಕೆಟ್ಟ ದಿನಗಳು ಮುಗಿದಿದ್ದವು.

'ಸಾಮಾಜಿಕ ಅಂತರ' ಎಂಬ ಎರಡು ಪದ

ಅನುವಾದ ಮಾಡಿಬಿಟ್ಟರೆ ಸಾಕು ಎನ್ನುವವರು ಈ ಎರಡು ಪದಗಳನ್ನು ಗಮನಿಸಬೇಕು. ಗೋಡೆ, ಬಸ್ಸು, ರೇಷನ್ ಅಂಗಡಿ, ಎಲ್ಲ ಕಡೆ 'ಸಾಮಾಜಿಕ ಅಂತರ ಕಾಯ್ದುಕೊಳ್ಳಿ' ಎಂದು ಬರೆದರು. ಕನ್ನಡವೇನೋ ಸರಿಯಾಗಿದೆ. ಆದರೆ ಉಡುಪಿ, ದಕ್ಷಿಣ ಕನ್ನಡದ ಕೊರಗರ ಕಿವಿಯಲ್ಲಿ ಅದು ಹೇಗೆ ಕೇಳಿಸಿರಬೇಡ?

ಕೊರಗರನ್ನು ತಲೆಮಾರುಗಳಿಂದ ದೂರ ನಿಲ್ಲಿಸಿದ್ದೇ ಸಮಾಜ. ಉಗುರು, ಕೂದಲು ಬೆರೆಸಿದ ಅನ್ನವನ್ನು ಅವರಿಗೆ ತಿನ್ನಿಸಿದರೆ ತಮ್ಮ ಮನೆಯ ಕಾಯಿಲೆ ಕಳೆಯುತ್ತದೆ ಎಂಬ ನಂಬಿಕೆ ಇತ್ತು. ಅದೂ ಸೇರಿದ್ದ ಅಜಲು ಪದ್ಧತಿಯನ್ನು ನಿಷೇಧಿಸಲು ಕರ್ನಾಟಕ 2000ದಲ್ಲಿ ಪ್ರತ್ಯೇಕ ಕಾನೂನನ್ನೇ ಮಾಡಬೇಕಾಯಿತು. ಬೇರೆಯವರ ಕಾಯಿಲೆಯನ್ನು ಹೊರಿಸಿಕೊಂಡ ಜನ ಅವರು. ಅಂಥವರಿಗೆ 'ಸಾಮಾಜಿಕ ಅಂತರ' ಹೊಸ ಆರೋಗ್ಯ ಸೂಚನೆಯಾಗಿ ಕೇಳಿಸಲು ಸಾಧ್ಯವೇ? ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಚ್‌ನಲ್ಲೇ 'ದೈಹಿಕ ಅಂತರ' ಎಂಬ ಪದಕ್ಕೆ ತಿರುಗಿತು. ನಮ್ಮ ಗೋಡೆಗಳ ಮೇಲೆ ಹಳೆಯದೇ ಬಹುಕಾಲ ಉಳಿಯಿತು. 'ಒಂದು ಮಾರು ದೂರ ನಿಲ್ಲಿ' ಎಂದಿದ್ದರೆ ಎಲ್ಲರಿಗೂ ಅರ್ಥ ಆಗುತ್ತಿತ್ತು, ಯಾರಿಗೂ ನೋವಾಗುತ್ತಿರಲಿಲ್ಲ. ಆದರೆ ಆ ಪದ ಆರಿಸುವ ಕೋಣೆಯಲ್ಲಿ ಕೊರಗರ ಒಬ್ಬರು ಕೂತಿದ್ದರೆ ತಾನೇ ಅದು ಹೊಳೆಯುವುದು?

ಎರಡು ದಿನದ ಜ್ವರ, ಎರಡು ದಿನದ ಕೂಲಿ

ಲಸಿಕೆ ತಂಡ ಬಂತು ಅಂದ ಕೂಡಲೇ ಜನ ಕಾಡಿಗೆ ಓಡಿದರು ಎಂಬ ಸುದ್ದಿ 2021ರಲ್ಲಿ ದೇಶದ ಹಲವು ಕಡೆಯಿಂದ ಬಂತು. ಓದಿದವರು ಅದನ್ನು 'ಮೂಢನಂಬಿಕೆ' ಎಂದು ಕರೆದು ಮುಂದೆ ಹೋದರು. ಅದು ಅಷ್ಟು ಸುಲಭದ ವಿಷಯವಲ್ಲ.

ಕೊಡಗಿನ ಒಂದು ಕಾಫಿ ತೋಟದ ಲೈನ್ ಮನೆಯನ್ನು ಊಹಿಸಿಕೊಳ್ಳಿ. ಗಂಡ ಹೆಂಡತಿ ಇಬ್ಬರೂ ದಿನಗೂಲಿ. ಬೆಳಿಗ್ಗೆ ಜೀಪು ಬರುತ್ತದೆ, ಸೂಜಿ ಹಾಕುತ್ತಾರೆ, ಅರ್ಧ ಗಂಟೆ ಕೂರಿಸುತ್ತಾರೆ, ಜೀಪು ಹೊರಡುತ್ತದೆ. ರಾತ್ರಿ ಇಬ್ಬರಿಗೂ ಮೈ ಸುಡುವ ಜ್ವರ, ಕೈ ಎತ್ತಲಾಗದ ನೋವು. ಲಸಿಕೆಯ ಮೇಲೆ ಒಂದೆರಡು ದಿನ ಹೀಗಾಗುವುದು ಸಾಮಾನ್ಯ ಎಂದು ಡಾಕ್ಟರಿಗೆ ಗೊತ್ತು, ನಮಗೂ ಗೊತ್ತಿತ್ತು. ನಾವು ಮೊದಲೇ ಪ್ಯಾರಾಸಿಟಮಾಲ್ ತಂದಿಟ್ಟುಕೊಂಡು, ಆಫೀಸಿಗೆ ರಜೆ ಹಾಕಿ ಹೋಗಿದ್ದೆವು. ಅವರಿಗೆ ಹಾಗೆ ಹೇಳಿದವರು ಯಾರೂ ಇಲ್ಲದಿದ್ದರೆ? ಗಟ್ಟಿಮುಟ್ಟಾಗಿ ಇದ್ದವರು ಸೂಜಿ ಹಾಕಿಸಿಕೊಂಡು ಮಲಗಿಬಿಟ್ಟರು. ಎರಡು ದಿನದ ಕೂಲಿ ಹೋಯಿತು. ಪಕ್ಕದ ಮನೆಯವರು ಇದನ್ನು ಕಣ್ಣಾರೆ ಕಂಡರು. ಈಗ 'ಸೂಜಿ ಹಾಕಿಸಿಕೊಂಡರೆ ಸಾಯ್ತಾರಂತೆ' ಎಂಬ ವಾಟ್ಸ್ಆ್ಯಪ್ ಸುಳ್ಳಿಗೆ ಅವರ ಕಣ್ಣೆದುರೇ ಅರ್ಧ ಸಾಕ್ಷಿ ಸಿಕ್ಕಿತು.

ಅಂದರೆ ಇಲ್ಲಿ ಸುಳ್ಳು ಸುದ್ದಿ ಗೆದ್ದದ್ದು ಅದರ ಬಲದಿಂದ ಅಲ್ಲ. 'ಜ್ವರ ಬರಬಹುದು, ಈ ಮಾತ್ರೆ ತಗೊಳ್ಳಿ, ಎರಡು ದಿನ ಬಿಟ್ಟು ನಾನೇ ಬಂದು ನೋಡುತ್ತೇನೆ' ಎಂಬ ಮೂರು ಮಾತು ಹೇಳದೇ ಇದ್ದದ್ದರಿಂದ ಗೆದ್ದಿತು. ಕೈ ತೊಳೆಯಿರಿ ಎನ್ನುವುದಕ್ಕೂ ಇದೇ ಮಾತು ಸಲ್ಲುತ್ತದೆ. ಇಡೀ ಹಾಡಿಗೆ ಒಂದೇ ಕೈಪಂಪ್ ಇದ್ದರೆ, ಸೂಚನೆ ಎಷ್ಟು ಚೆನ್ನಾಗಿ ಅರ್ಥವಾದರೂ ಪಾಲಿಸಲಾಗುವುದಿಲ್ಲ.

ಹೇಳುವವರ ಮೇಲೆ ನಂಬಿಕೆ

ಇನ್ನೊಂದು ಕಾರಣ ಹಳೆಯದು, ಆಳವಾದದ್ದು. ಕಾಡಿನ ಜನರಿಗೆ ಸರ್ಕಾರ ಎಂದರೆ ಹೆಚ್ಚಾಗಿ ಅರಣ್ಯ ಇಲಾಖೆ. ಖಾಕಿ ಬಟ್ಟೆ, ಜೀಪು, ಗೇಟು. ನಾಗರಹೊಳೆಯ ಜೇನುಕುರುಬರು ಒಕ್ಕಲೆಬ್ಬಿಸಿದ ನೋವನ್ನು ದಶಕಗಳಿಂದ ಹೇಳುತ್ತಾ ಬಂದಿದ್ದಾರೆ. ಬಿಳಿಗಿರಿರಂಗನ ಬೆಟ್ಟ 2011ರ ಜನವರಿಯಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಸೋಲಿಗರಿಗೆ 2006ರ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯ ಹಕ್ಕು ಸಿಕ್ಕಿತು, ಅದೂ ದೀರ್ಘ ಹೋರಾಟದ ಮೇಲೆ.

ಹೀಗಿರುವಾಗ 2020ರ ಏಪ್ರಿಲ್ 6ಕ್ಕೆ ಕೇಂದ್ರ ಪರಿಸರ ಸಚಿವಾಲಯ ಒಂದು ಸೂಚನೆ ಹೊರಡಿಸಿತು. ನ್ಯೂಯಾರ್ಕ್‌ನ ಮೃಗಾಲಯದಲ್ಲಿ ಹುಲಿಗೆ ಕೊರೊನಾ ಬಂದಿದೆ, ರಾಷ್ಟ್ರೀಯ ಉದ್ಯಾನ, ಅಭಯಾರಣ್ಯಗಳಲ್ಲಿ ಜನರ ಓಡಾಟ ತಗ್ಗಿಸಿ ಎಂಬುದು ಅದರ ತಿರುಳು. ಪ್ರಾಣಿಗಳ ದೃಷ್ಟಿಯಿಂದ ಅದಕ್ಕೆ ಅರ್ಥ ಇತ್ತು. ಆದರೆ ಏಪ್ರಿಲ್ ಎಂದರೆ ಸೋಲಿಗರು ಹೆಜ್ಜೇನು ಕೀಳಲು ಶುರು ಮಾಡುವ ತಿಂಗಳು. ಮಳೆಗಾಲಕ್ಕೆ ಮುಂಚಿನ ಆ ದುಡಿಮೆಯಿಂದಲೇ ವರ್ಷದ ಒಂದಷ್ಟು ಖರ್ಚು ಕಳೆಯಬೇಕು. ಕಾಯಿಲೆಯ ಹೆಸರಿನಲ್ಲಿ ಕಾಡಿನ ದಾರಿ ಮುಚ್ಚಿದವರೇ ಆಮೇಲೆ ಸೂಜಿ ಹಿಡಿದು ಬಂದರೆ ಅನುಮಾನ ಬರುವುದು ಸಹಜ ಅಲ್ವಾ? ಇಲಾಖೆಗಳು ಬೇರೆ ಬೇರೆ ಎಂಬುದು ನಮಗೆ ಗೊತ್ತು. ಹಾಡಿಯಲ್ಲಿ ಕೂತವರಿಗೆ ಎಲ್ಲವೂ ಒಂದೇ ಸರ್ಕಾರ.

ಎರಡು ವಾದಗಳು

ಸರ್ಕಾರದ ಕಡೆಯ ವಾದವನ್ನು ತಳ್ಳಿಹಾಕುವಂತಿಲ್ಲ. ಕಾಯಿಲೆ ದಿನದಿಂದ ದಿನಕ್ಕೆ ಹಬ್ಬುವಾಗ ಪ್ರತಿ ನುಡಿಗೂ ಪ್ರತಿ ಹಾಡಿಗೂ ಬೇರೆ ಸಂದೇಶ ಮಾಡುತ್ತಾ ಕೂರಲು ಸಮಯ ಎಲ್ಲಿದೆ? ಒಂದೇ ಸಂದೇಶ ಇದ್ದರೆ ತಪ್ಪು ಕಡಿಮೆ. ಸೋಲಿಗರ ನುಡಿ ಕನ್ನಡಕ್ಕೆ ಹತ್ತಿರ, ಜೇನುಕುರುಬರ ಬಹುಪಾಲು ಜನರಿಗೆ ಕನ್ನಡ ಅರ್ಥವಾಗುತ್ತದೆ. ಅಲ್ಲದೆ, ಬುಡಕಟ್ಟು ಜಿಲ್ಲೆಗಳ ಲಸಿಕೆ ಪ್ರಮಾಣ ದೇಶದ ಸರಾಸರಿಗಿಂತ ಚೆನ್ನಾಗಿದೆ ಎಂದು ಕೇಂದ್ರ ಆರೋಗ್ಯ ಸಚಿವಾಲಯ 2021ರ ಜೂನ್‌ನಲ್ಲಿ ಅಂಕಿಅಂಶ ಕೊಟ್ಟಿತ್ತು.

ಇದಕ್ಕೆ ಎದುರು ವಾದ ಹೀಗಿದೆ. ಬುಡಕಟ್ಟು ಜಿಲ್ಲೆ ಎಂದರೆ ಅಲ್ಲಿರುವವರೆಲ್ಲ ಬುಡಕಟ್ಟಿನವರಲ್ಲ, ಜಿಲ್ಲೆಯ ಸರಾಸರಿ ಪೋಡಿನ ಕಥೆ ಹೇಳುವುದಿಲ್ಲ. ಕನ್ನಡ ಅರ್ಥವಾಗುವುದು ಬೇರೆ, ಮೈಯ ನೋವನ್ನು ಕನ್ನಡದಲ್ಲಿ ಹೇಳಿಕೊಳ್ಳುವುದು ಬೇರೆ. ಕೊರಗರ ನುಡಿ, ಯರವರ ನುಡಿ ಕನ್ನಡಕ್ಕೆ ಅಷ್ಟೇನೂ ಹತ್ತಿರವಲ್ಲ. ಜೊತೆಗೆ 2007ರ ಸೆಪ್ಟೆಂಬರ್‌ನಲ್ಲಿ ವಿಶ್ವಸಂಸ್ಥೆ ಒಪ್ಪಿದ ಮೂಲನಿವಾಸಿಗಳ ಹಕ್ಕುಗಳ ಘೋಷಣೆಗೆ ಭಾರತವೂ ಮತ ಹಾಕಿದೆ. ತಮ್ಮ ನುಡಿಯಲ್ಲೇ ಮಾಧ್ಯಮ, ತಮ್ಮ ಮದ್ದಿನ ಪದ್ಧತಿ, ತಾರತಮ್ಯವಿಲ್ಲದ ಆರೋಗ್ಯ ಸೇವೆ, ಮೂರೂ ಹಕ್ಕೆಂದು ಅದು ಹೇಳುತ್ತದೆ. ಭಾರತೀಯರೆಲ್ಲ ಮೂಲನಿವಾಸಿಗಳೇ ಎಂಬುದು ನಮ್ಮ ಸರ್ಕಾರದ ನಿಲುವಾದ್ದರಿಂದ, ಆ ಘೋಷಣೆ ಇಲ್ಲಿ ಕಾಗದದಲ್ಲೇ ನಿಂತಿದೆ.

ನನ್ನ ತೀರ್ಮಾನ ಇಷ್ಟು: ಸಂದೇಶದ ತಿರುಳು ಒಂದೇ ಇರಲಿ, ಅದರಲ್ಲಿ ಸರ್ಕಾರದ ವಾದ ಸರಿ. ಆದರೆ ಅದನ್ನು ಹೇಳುವ ಬಾಯಿ ಆಯಾ ಹಾಡಿಯದ್ದೇ ಆಗಿರಬೇಕು. ಕಾಯಿಲೆ ಬಂದ ಮೇಲೆ ಆ ಬಾಯಿ ಹುಡುಕಲು ಹೊರಟರೆ ಸಿಗುವುದಿಲ್ಲ.

ಬೇರೆ ಕಡೆ ಏನಾಯಿತು

ಅಮೆರಿಕದ ನವಾಹೋ ಎಂಬ ಮೂಲನಿವಾಸಿ ಜನರ ಪ್ರದೇಶ 2020ರ ಮೇ ತಿಂಗಳಲ್ಲಿ ತಲಾವಾರು ಸೋಂಕಿನಲ್ಲಿ ನ್ಯೂಯಾರ್ಕನ್ನೂ ಮೀರಿಸಿತು. ಅಲ್ಲಿ ಸುಮಾರು ಮೂರನೇ ಒಂದು ಭಾಗ ಮನೆಗಳಿಗೆ ನಲ್ಲಿ ನೀರೇ ಇರಲಿಲ್ಲ. ಮರುವರ್ಷ ಲಸಿಕೆ ಬಂದಾಗ ಅದೇ ಜನ ಮುಂದೆ ನಿಂತರು. ಅವರದ್ದೇ ನುಡಿಯ ರೇಡಿಯೊ, ಅವರದ್ದೇ ನಾಯಕರು, ಅವರದ್ದೇ ಆರೋಗ್ಯ ಕಾರ್ಯಕರ್ತರು ಮಾತಾಡಿದರು.

ಆಸ್ಟ್ರೇಲಿಯಾದಲ್ಲಿ ಮೂಲನಿವಾಸಿಗಳೇ ನಡೆಸುವ ಆರೋಗ್ಯ ಕೇಂದ್ರಗಳು ದಶಕಗಳಿಂದ ಇವೆ. ಅವು ಬೇಗ ಎಚ್ಚೆತ್ತವು. ಮೊದಲ ವರ್ಷ ಅವರಲ್ಲಿ ಸೋಂಕು ಉಳಿದ ಜನರಿಗಿಂತ ಕಡಿಮೆ ಇತ್ತು. ಆದರೆ 2021ರ ಆಗಸ್ಟ್‌ನಲ್ಲಿ ವಿಲ್ಕೇನಿಯಾ ಎಂಬ ಪುಟ್ಟ ಊರಿಗೆ ಡೆಲ್ಟಾ ನುಗ್ಗಿತು. ಅಷ್ಟರಲ್ಲಿ ಅಲ್ಲಿನವರಿಗೆ ಸಾಕಷ್ಟು ಲಸಿಕೆ ತಲುಪಿರಲೇ ಇಲ್ಲ. ತಿಳಿವಳಿಕೆ ಇದ್ದರೂ ಮದ್ದು ಬರದಿದ್ದರೆ ಹೀಗಾಗುತ್ತದೆ.

ಬ್ರೆಜಿಲ್‌ನ ಕಥೆ ಬೇರೆ. 2020ರ ಜುಲೈನಲ್ಲಿ ಮೂಲನಿವಾಸಿಗಳ ರಕ್ಷಣೆಗೆ ಕಾನೂನು ಬಂತು. ಆದರೆ ಕುಡಿಯುವ ನೀರು, ಹಳ್ಳಿಗಳಿಗೆ ಇಂಟರ್ನೆಟ್ ಮುಂತಾದ ಅಂಶಗಳನ್ನು ಅಧ್ಯಕ್ಷ ಬೊಲ್ಸೊನಾರೊ ತಡೆಹಿಡಿದರು. ಸಂಸತ್ತು ಅದರಲ್ಲಿ ಕೆಲವನ್ನು ಆಮೇಲೆ ವಾಪಸ್ ತಂದಿತು.

ಇನ್ನು ವಿಶ್ವ ಆರೋಗ್ಯ ಸಂಸ್ಥೆಯ ಸದಸ್ಯ ದೇಶಗಳು 2025ರ ಮೇ 20ರಂದು ಒಪ್ಪಿದ ಸಾಂಕ್ರಾಮಿಕ ಒಪ್ಪಂದ. ಇದರಿಂದ ಹೊರಗಿನವರು ನಮ್ಮ ಮೇಲೆ ಲಾಕ್‌ಡೌನ್ ಹೇರುತ್ತಾರೆ ಎಂಬ ಮಾತು ಓಡಾಡಿತು. ಅದು ನಿಜವಲ್ಲ, ಅಂಥ ಅಧಿಕಾರ ಇಲ್ಲ ಎಂದು ಒಪ್ಪಂದದಲ್ಲೇ ಬರೆದಿದೆ. ಜನರಿಗೆ ಸಕಾಲದಲ್ಲಿ ಸರಿಯಾದ ಮಾಹಿತಿ ಕೊಡಬೇಕು ಎಂಬುದೂ ಅದರಲ್ಲಿ ಸೇರಿದೆ. ಆದರೆ ರೋಗಾಣು ಮಾದರಿ ಹಂಚಿಕೆಯ ಅನುಬಂಧವನ್ನು ಬೇರೆ ಮಾತುಕತೆಗೆ ಬಿಟ್ಟರು. ಅದೂ ಮುಗಿದು, 60 ದೇಶಗಳು ಅಂತಿಮವಾಗಿ ಒಪ್ಪಿದ ಮೇಲಷ್ಟೇ ಜಾರಿ. ಅದನ್ನು ಕಾಯುತ್ತಾ ಕೂರಬೇಕಿಲ್ಲ, ಹಾಡಿಯ ಕೆಲಸಕ್ಕೆ ಯಾವ ಒಪ್ಪಂದವೂ ಅಡ್ಡಿಯಿಲ್ಲ.

ಕೊಂಡಿ ಹಿಡಿದವರು

ನಮ್ಮಲ್ಲಿ ಮಾದರಿಗಳು ಇಲ್ಲದಿಲ್ಲ. ಡಾ. ಎಚ್. ಸುದರ್ಶನ್ 1981ರಲ್ಲಿ ಬಿಳಿಗಿರಿರಂಗನ ಬೆಟ್ಟದಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಸೋಲಿಗರ ನಡುವೆಯೇ ಬೆಳೆದದ್ದು. ಸರಗೂರಿನಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ನಡೆಸುವ ಜನಧ್ವನಿ ಸಮುದಾಯ ಬಾನುಲಿ ಇದೆ. ರೇಡಿಯೊಗೆ ಡೇಟಾ ಬೇಡ, ಅಕ್ಷರ ಬೇಡ, ಕೆಲಸ ಮಾಡುತ್ತಲೇ ಕೇಳಬಹುದು. ಊರಿನವರದ್ದೇ ದನಿ ಅದರಲ್ಲಿ ಬಂದರೆ ಕಿವಿ ತಾನಾಗಿ ನೆಡುತ್ತದೆ.

ಆದರೆ ರಾಜ್ಯದ ಎಲ್ಲ ಹಾಡಿಗಳಿಗೂ ತಲುಪುವವರು ಒಬ್ಬರೇ, ಆಶಾ ಕಾರ್ಯಕರ್ತೆ. ಸಾಮಾನ್ಯವಾಗಿ 1,000 ಜನರಿಗೆ ಒಬ್ಬರು. ಗುಡ್ಡಗಾಡು, ಬುಡಕಟ್ಟು ಪ್ರದೇಶಗಳಲ್ಲಿ ಒಂದೊಂದು ನೆಲೆಗೂ ಒಬ್ಬರನ್ನು ಇಡಲು ನಿಯಮ ಅವಕಾಶ ಕೊಡುತ್ತದೆ. ಈ ಅವಕಾಶವನ್ನು ಪೂರ್ತಿ ಬಳಸಿಕೊಂಡು, ಆ ಹಾಡಿಯ ಹೆಣ್ಣುಮಗಳನ್ನೇ ಆಶಾ ಮಾಡಿದರೆ ಅರ್ಧ ಸಮಸ್ಯೆ ಕರಗುತ್ತದೆ. ಜ್ವರ ಬಂದ ರಾತ್ರಿ ಅವಳ ಮನೆ ಬಾಗಿಲು ತಟ್ಟಬಹುದು, 'ಅಕ್ಕಾ, ಇದು ಸೂಜಿಯಿಂದಾನಾ?' ಎಂದು ಕೇಳಬಹುದು. ಲಸಿಕೆಗೂ ಹಾರ್ಟ್ ಅಟ್ಯಾಕ್‌ಗೂ ಏನು ಸಂಬಂಧ ಎಂದೂ ಕೇಳಬಹುದು. ಅವಳಿಗೆ ಗೊತ್ತಿಲ್ಲದಿದ್ದರೆ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ ಬಂದು ಹೇಳುತ್ತಾಳೆ. ಹಾಡಿಯ ಯಜಮಾನರೂ ಅವಳ ಜೊತೆ ನಿಂತರೆ ಮಾತಿಗೆ ತೂಕ ಇನ್ನೂ ಜಾಸ್ತಿ.

ಇವರಿಗೆ ನಾವು ಕೊಡುತ್ತಿರುವುದೇನು? 2025ರ ಜನವರಿ ಚಳಿಯಲ್ಲಿ ರಾಜ್ಯದ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಹಗಲು ರಾತ್ರಿ ಕೂತರು. ತಿಂಗಳಿಗೆ 15,000 ರೂಪಾಯಿ ಕೇಳಿದರು, 10,000 ರೂಪಾಯಿಯ ಭರವಸೆ ಪಡೆದು ಎದ್ದರು. ಅದೇ ವರ್ಷ ಆಗಸ್ಟ್‌ನಲ್ಲಿ ಭರವಸೆ ಈಡೇರಿಲ್ಲ ಎಂದು ಮತ್ತೆ ಬೀದಿಗೆ ಇಳಿಯಬೇಕಾಯಿತು.

ಇನ್ನೊಂದು ಕಡೆ, 2023ರ ನವೆಂಬರ್ 15ರಂದು ಶುರುವಾದ ಪಿಎಂ ಜನಮನ್ ಯೋಜನೆ ಇದೆ. 75 ದುರ್ಬಲ ಬುಡಕಟ್ಟುಗಳಿಗಾಗಿ 24,104 ಕೋಟಿ ರೂಪಾಯಿಯ ಯೋಜನೆ. ಜೇನುಕುರುಬರು, ಕೊರಗರು ಇದರಲ್ಲಿದ್ದಾರೆ. ಮನೆ, ರಸ್ತೆ, ನೀರಿನ ಜೊತೆ ಸಂಚಾರಿ ಆರೋಗ್ಯ ವಾಹನ ಮತ್ತು ಮೊಬೈಲ್ ಟವರ್ ಕೂಡ ಸೇರಿವೆ. ಟವರ್ ಬರಲಿ, ಬೇಗ ಬರಲಿ. ಆದರೆ ಟವರ್ ನಿಂತ ದಿನವೇ ಹಾಡಿಯ ಹುಡುಗರ ಫೋನಿಗೆ ವಾಟ್ಸ್ಆ್ಯಪ್ ಫಾರ್ವರ್ಡ್‌ಗಳೂ ಬರುತ್ತವೆ. ಆ ಹೊತ್ತಿಗೆ ಸಹಾಯವಾಣಿಗೆ ಕರೆ ಮಾಡಿದರೆ ಆ ಕಡೆಯಿಂದ ಜೇನುಕುರುಬ ನುಡಿಯಲ್ಲಿ, ಕೊರಗ ನುಡಿಯಲ್ಲಿ, ಯರವ ನುಡಿಯಲ್ಲಿ 'ಹೇಳಿ' ಎನ್ನುವವರು ಇರಬೇಕು. ಪಿಯುಸಿ, ಡಿಗ್ರಿ ಮುಗಿಸಿ ಕೆಲಸ ಹುಡುಕುತ್ತಿರುವ ಮಕ್ಕಳು ಈ ಸಮುದಾಯಗಳಲ್ಲೇ ಇದ್ದಾರೆ. ಒಂದೊಂದು ನುಡಿಗೆ ನಾಲ್ಕೈದು ಜನರಾದರೂ ಸಾಕು. ಅವರನ್ನು ಈಗಲೇ ಕರೆದು ಕೂರಿಸಬಹುದು.